ಮೊಮ್ಮಗನ ಬೋರ್ಡು, ತಾತನ ಕಣ್ಣು

ರಜೆಗೆ ಬಂದ ಮೊಮ್ಮಗನಿಗೆ ಸರ್ಕ್ಯೂಟ್ ಬೋರ್ಡನ್ನು ಮನೆಯಲ್ಲೇ ಮಾಡುವ ಹುಚ್ಚು. ತಾಮ್ರದ ಬೋರ್ಡಿಗೆ ನೀಲಿ ಫಿಲ್ಮ್ ಅಂಟಿಸಿ, ಅದರ ಮೇಲೆ ನಕ್ಷೆಯ ಹಾಳೆಯಿಟ್ಟು, ಗಾಜು ಮುಚ್ಚಿ ನೇರಳಾತೀತ ಬೆಳಕು ಬಿಡಬೇಕು. ಬೆಳಕು ತಾಗಿದ ಕಡೆ ಫಿಲ್ಮ್ ಗಟ್ಟಿಯಾಗುತ್ತದೆ. ತಾಗದ ಕಡೆ ವಾಷಿಂಗ್ ಸೋಡಾ ನೀರಿನಲ್ಲಿ ಕರಗಿಹೋಗುತ್ತದೆ.

ದೀಪ ತರುವ ಹೊಣೆ ನನ್ನದು. ಎಸ್.ಪಿ. ರಸ್ತೆಯವರೆಗೆ ಯಾರು ಹೋಗುತ್ತಾರೆ ಎಂದು, ಕುಡಿಯುವ ನೀರು ಶುದ್ಧಮಾಡುವ ಯಂತ್ರದ ಯು.ವಿ. ಟ್ಯೂಬನ್ನೇ ಚೋಕ್ ಸಮೇತ ತಂದೆ. ಯು.ವಿ. ಎಂದರೆ ಯು.ವಿ. ತಾನೇ!

ಬೆಳಿಗ್ಗೆ ಹುಡುಗ ಏಳುವ ಮೊದಲೇ, ಅವನು ಫಿಲ್ಮ್ ಅಂಟಿಸಿಟ್ಟಿದ್ದ ಬೋರ್ಡಿಗೆ ಹತ್ತು ನಿಮಿಷ ಬೆಳಕು ಬಿಟ್ಟೆ. ಕನ್ನಡಕ ಹಣೆಗೇರಿಸಿ ಹತ್ತಿರದಿಂದಲೇ ನೋಡುತ್ತಿದ್ದೆ. ತಿಳಿನೀಲಿ ಬೆಳಕು, ಹಿತವಾಗಿಯೇ ಇತ್ತು. ಬೋರ್ಡಿನಲ್ಲಿ ಮಾತ್ರ ಏನೂ ಮೂಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣಿಗೆ ಮರಳು ಎರಚಿದಂತೆ ಉರಿ, ಧಾರಾಕಾರ ನೀರು.

"ಬರಿಗಣ್ಣಲ್ಲಿ ವೆಲ್ಡಿಂಗ್ ನೋಡಿದವರಿಗೆ ಹೀಗಾಗುತ್ತದೆ. ನೀವೇನು ಮಾಡಿದಿರಿ ಯಜಮಾನ್ರೇ?" ಎಂದರು ಕಣ್ಣಿನ ಡಾಕ್ಟರು. ಎರಡು ದಿನದಲ್ಲಿ ವಾಸಿಯಾಯಿತು. ಆದರೆ ಪಕ್ಕದಲ್ಲಿ ಹುಡುಗನೂ ಇದ್ದಿದ್ದರೆ? ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮೊಮ್ಮಗ ಓದಿ ತಿಳಿದುಕೊಂಡು ಹೇಳಿದ: "ತಾತ, ಯು.ವಿ.ಯಲ್ಲಿ ಎ, ಬಿ, ಸಿ ಅಂತ ಮೂರು ಬಗೆ. ನೀವು ತಂದದ್ದು ಕ್ರಿಮಿ ಕೊಲ್ಲುವ ಸಿ, 254 ನ್ಯಾನೋಮೀಟರ್. ಅದನ್ನು ಮೇಲಿನ ಗಾಜೇ ತಡೆದುಬಿಟ್ಟಿದೆ. ನಮಗೆ ಬೇಕಾದದ್ದು ಎ, 365ರ ಆಸುಪಾಸು." ಬೋರ್ಡಿಗೆ ಗಾಜಿನ ಕಾವಲಿತ್ತು, ನನ್ನ ಕಣ್ಣಿಗಿರಲಿಲ್ಲ!

ಆಗ ಬ್ಯಾಂಕಿನ ಕೌಂಟರು ನೆನಪಾಯಿತು. ನೋಟು ಪರೀಕ್ಷಿಸುವ ನೇರಳೆ ದೀಪದಡಿ ನೋಟಿನ ಸಂಖ್ಯೆ, ಸಣ್ಣ ಎಳೆಗಳು ಹೊಳೆಯುತ್ತಿದ್ದವು. ಅದೂ ಯು.ವಿ.-ಎ ಬೆಳಕೇ. ಅದರ ಮುಂದೆ ವರ್ಷಗಟ್ಟಲೆ ಕೂತಿದ್ದರೂ ಅದರ ಬಗೆ ಯಾವುದೆಂದು ಕೇಳಿರಲಿಲ್ಲ.

ಈ ಸಲ ಇಬ್ಬರೂ ಎಸ್.ಪಿ. ರಸ್ತೆಗೆ ಹೋದೆವು. 395ರ ಎಲ್‌ಇಡಿ ಪಟ್ಟಿಯೂ ಆಗುತ್ತಿತ್ತು. ಆದರೆ ಬೆಳಕು ಸಮನಾಗಿ ಹರಡಲೆಂದು ನೊಣ ಹಿಡಿಯುವ ಯಂತ್ರದ ಎರಡು ಟ್ಯೂಬು ಆರಿಸಿದೆವು. ಡಬ್ಬಿಯ ಮೇಲೆ 365 ಎಂದು ಓದಿದ ಮೇಲೆಯೇ ದುಡ್ಡು ಕೊಟ್ಟೆ.

ಹಳೆಯ ಮರದ ಪೆಟ್ಟಿಗೆಯಲ್ಲಿ ಟ್ಯೂಬು ಕೂರಿಸಿದೆವು. ಮುಚ್ಚಳ ಹಾಕಿದರೆ ಮಾತ್ರ ದೀಪ ಹತ್ತುವಂತೆ ಸ್ವಿಚ್ಚು ಜೋಡಿಸಿದೆವು. ಒಂದು ತುಂಡು ಬೋರ್ಡಿನ ಮೇಲೆ ರಟ್ಟನ್ನು ನಿಮಿಷಕ್ಕಿಷ್ಟು ಸರಿಸುತ್ತ ಪರೀಕ್ಷಿಸಿದಾಗ, ನಮ್ಮ ಪೆಟ್ಟಿಗೆಗೆ ನಾಲ್ಕು ನಿಮಿಷ ಸಾಕೆಂದು ಗೊತ್ತಾಯಿತು. ಸೋಡಾ ನೀರಿನಲ್ಲಿ ಗೆರೆಗಳು ಒಂದೊಂದಾಗಿ ಮೂಡಿದಾಗ ಹುಡುಗ ಕುಣಿದಾಡಿಬಿಟ್ಟ.

ಸಹಿ ತಾಳೆ ನೋಡದೆ ಒಂದು ಚೆಕ್ಕನ್ನೂ ಮುಂದೆ ಕಳಿಸದ ನಾನು, ಅಂಕಿ ನೋಡದೆ ದೀಪ ಹಚ್ಚಿದ್ದೆ. ಮಕ್ಕಳೇ, ಇಂಥ ಕೆಲಸಕ್ಕೆ ದೊಡ್ಡವರನ್ನು ಜೊತೆಗಿಟ್ಟುಕೊಳ್ಳಿ. ತಾತಂದಿರೇ, ನೀವು ಮೊಮ್ಮಕ್ಕಳನ್ನು ಜೊತೆಗಿಟ್ಟುಕೊಳ್ಳಿ!