ಹಸಿರು ಟಿಕ್ಕೂ, ಚಿಕ್ಕಪ್ಪನ ಲಗ್ನಪತ್ರಿಕೆಗಳೂ

ಹೋದ ತಿಂಗಳು ಒಂದು ಭಾನುವಾರ ಬೆಳ್ಳಂಬೆಳಿಗ್ಗೆ ಚಿಕ್ಕಪ್ಪನ ಫೋನು. ಮನೆ ತಾಳಗುಂದದಲ್ಲಿ, ಅಂಗಡಿ ಹತ್ತಿರದ ಶಿರಾಳಕೊಪ್ಪದಲ್ಲಿ. ಜೆರಾಕ್ಸು, ಡಿಟಿಪಿ, ಲಗ್ನಪತ್ರಿಕೆ... ಎಲ್ಲಾ ಅಲ್ಲೇ.

"ಫೈಲ್ ಒಂದೂ ಓಪನ್ ಆಗ್ತಿಲ್ಲ ಕಣೋ. ಎಲ್ಲದರ ಹೆಸರಿಗೂ ಎಂಥದೋ ಬಾಲ ಸೇರ್ಕೊಂಡಿದೆ. ದುಡ್ಡು ಕಳಿಸಿ ಅಂತ ಇಂಗ್ಲಿಷಲ್ಲಿ ಚೀಟಿ ಬೇರೆ ಇಟ್ಟಿದಾರೆ!"

ನನ್ನ ಹೊಟ್ಟೆಯಲ್ಲಿ ಕಲಸಿದಂತಾಯ್ತು. ಆ ಕಂಪ್ಯೂಟರಿಗೆ ಆಂಟಿವೈರಸ್ ಹಾಕಿಕೊಟ್ಟವನು ನಾನೇ. "ಮೂಲೇಲಿ ಹಸಿರು ಟಿಕ್ ಇರೋವರೆಗೂ ತಲೆ ಕೆಡಿಸ್ಕೋಬೇಡಿ" ಅಂತ ಇಂಜಿನಿಯರ್ ಗತ್ತಿನಲ್ಲಿ ಹೇಳಿದವನೂ ನಾನೇ. ಬಸ್ ಹತ್ತಿ ಹೋಗಿ ನೋಡಿದರೆ ಟಿಕ್ ಇನ್ನೂ ಹಸಿರಾಗೇ ಇತ್ತು!

ಯಾರೋ ಪ್ರಿಂಟ್ ತೆಗೆಯಲು ಮೇಲ್ ಮಾಡಿದ್ದ ಜಿಪ್ ಫೈಲಿನಲ್ಲಿ ಅದು ಬಂದಿತ್ತು. ಫೈಲನ್ನು ಬೆಂಗಳೂರಿಗೆ ತಂದೆ. ತಿಂಗಳಿನಿಂದ ಮುಟ್ಟದ ಎರಡು ವರ್ಚುವಲ್ ಮಶೀನುಗಳಿದ್ದವು, ಒಂದೊಂದರಲ್ಲೂ ಬೇರೆ ಬೇರೆ ಆಂಟಿವೈರಸ್. ನೆಟ್ ಕೊಡದೆ ಸ್ಕ್ಯಾನ್ ಮಾಡಿದೆ. ಎರಡೂ ಗಪ್‌ಚುಪ್. ಫೈಲನ್ನು ಓಡಿಸಿದಾಗ ಒಂದು ಕೊನೆಯವರೆಗೂ ಸುಮ್ಮನಿತ್ತು. ಇನ್ನೊಂದು, ಏಳೆಂಟು ಫೈಲು ಹಾಳಾದ ಮೇಲೆ, "ಇವನ ನಡವಳಿಕೆ ಸರಿಯಿಲ್ಲ" ಅಂತ ಹಿಡಿದು ನಿಲ್ಲಿಸಿತು. ಆಮೇಲೆ ಮಶೀನುಗಳನ್ನು ಹಳೇ ಸ್ಥಿತಿಗೆ ತಂದು, ಎರಡನ್ನೂ ಅಪ್‌ಡೇಟ್ ಮಾಡಿ ಅದೇ ಫೈಲನ್ನು ಮತ್ತೆ ತೋರಿಸಿದೆ. ಈಗ ಎರಡೂ ಕ್ಷಣದಲ್ಲಿ ಹೆಸರು ಹಿಡಿದು ಕೂಗಿದವು!

ಒಂದೇ ಫೈಲಿನಿಂದ ಯಾವುದು ಒಳ್ಳೆಯದು ಅಂತ ತೀರ್ಪು ಕೊಡೋಕಾಗಲ್ಲ. ಆದರೆ ವಿಷಯ ಅರ್ಥವಾಯ್ತು. ಸಿಗ್ನೇಚರ್ ಅಂದರೆ ಠಾಣೆಯ ಗೋಡೆಗೆ ಅಂಟಿಸಿದ ಹಳೇ ಕಳ್ಳರ ಫೋಟೋ. ಫೋಟೋದಲ್ಲಿ ಇದ್ದವರನ್ನು ಹೆಚ್ಚುಕಮ್ಮಿ ಎಲ್ಲ ಆಂಟಿವೈರಸ್‌ಗಳೂ ಹಿಡಿಯುತ್ತವೆ. ವ್ಯತ್ಯಾಸ ತಿಳಿಯೋದು ಇನ್ನೂ ಸಿಕ್ಕಿಬೀಳದ ಕಳ್ಳ ಬಂದಾಗ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ತನ್ನ ವರದಿಯಲ್ಲಿ ಹೊಚ್ಚಹೊಸ ದಾಳಿಗಳಿಗೂ, ಆಗಲೇ ಹರಡಿದ ವೈರಸ್‌ಗಳಿಗೂ ಬೇರೆ ಬೇರೆ ಅಂಕ ಕೊಡುತ್ತದೆ. ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಹಿಂದೆ ಒಂದು ಪರೀಕ್ಷೆ ನಡೆಸುತ್ತಿತ್ತು: ಸಿಗ್ನೇಚರನ್ನು ಒಂದು ದಿನಕ್ಕೆ ನಿಲ್ಲಿಸಿ, ಆ ದಿನದ ನಂತರ ಹುಟ್ಟಿದ ವೈರಸ್‌ಗಳನ್ನು ಮಾತ್ರ ತೋರಿಸುವುದು. ನಾನು ಮಾಡಿದ್ದು ಅದರದೇ ಬಡ ನಕಲು. ಜೊತೆಗೆ ಸುಳ್ಳು ಎಚ್ಚರಿಕೆಗಳನ್ನೂ ಎಣಿಸುತ್ತಾರೆ. ಕಂಡವರನ್ನೆಲ್ಲಾ ಕಳ್ಳ ಅನ್ನೋ ಕಾವಲುಗಾರ ನೂರಕ್ಕೆ ನೂರು ತೆಗೆದರೇನು ಬಂತು?

ನಮ್ಮೂರ ಪ್ರಣವೇಶ್ವರ ದೇವಸ್ಥಾನದ ಎದುರಿನ ಸ್ತಂಭಶಾಸನದಲ್ಲೂ ಇಂಥದೇ ಕಥೆಯಿದೆ ಅನ್ನಿಸಿತು. ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಂದಿಗಿನ ಜಗಳದಿಂದ ಸಿಟ್ಟಾಗಿ ಕತ್ತಿ ಹಿಡಿದ, ಗಡಿ ಕಾಯುವ ಅಂತಪಾಲರನ್ನೇ ಸೋಲಿಸಿ ಕಾಡು ಸೇರಿದ. ವೇದ ಓದುವ ಹುಡುಗ ಯಾವ ಕಾವಲುಗಾರನ ಪಟ್ಟಿಯಲ್ಲಿ ಇದ್ದಾನು? (ನಮ್ಮೂರ ಹೀರೋನನ್ನು ವೈರಸ್ಸಿಗೆ ಹೋಲಿಸಿದ ಅಂತ ಬೈಬೇಡಿ ಮಾರಾಯ್ರೆ :-) )

ಎಲ್ಲ ವೈರಸ್ಸನ್ನೂ ತಪ್ಪದೆ ಗುರುತಿಸೋ ಪ್ರೋಗ್ರಾಮು ಸಾಧ್ಯವೇ ಇಲ್ಲ ಅಂತ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ಸಾಧಿಸಿ ತೋರಿಸಿದ್ದಾರೆ. ನಾನೂ ಕಾಲೇಜಿನಲ್ಲಿ ಓದಿ, ಪರೀಕ್ಷೆ ಬರೆದು, ಮರೆತಿದ್ದೆ. ಚಿಕ್ಕಪ್ಪನಿಗೆ ಹೇಳಬೇಕಿದ್ದದ್ದು ಟಿಕ್ಕಿನ ಮಾತಲ್ಲ. "ವಾರಕ್ಕೊಮ್ಮೆ ಎಲ್ಲಾ ಕಾಪಿ ಮಾಡಿ, ಆ ಡಿಸ್ಕನ್ನು ಕಿತ್ತು ಬೀರುವಿನಲ್ಲಿಡಿ" ಅನ್ನೋ ಒಂದೇ ಮಾತು.

ದುಡ್ಡು ಕಳಿಸಲಿಲ್ಲ. ಆರು ವರ್ಷದ ನುಡಿ ಫೈಲುಗಳು ಹೋದವು. ನಾನು ಹೊಸ ಡಿಸ್ಕ್ ಕೊಂಡು ಹೋದಾಗ ಚಿಕ್ಕಪ್ಪ, ಊರವರ ಮನೆಗಳಿಂದ ಹಳೇ ಲಗ್ನಪತ್ರಿಕೆ ಕೇಳಿ ತಂದು, ಒಂದೊಂದಾಗಿ ಮತ್ತೆ ಟೈಪ್ ಮಾಡುತ್ತಾ ಕೂತಿದ್ದರು. ನನಗೆ ಒಂದು ಮಾತೂ ಬೈಯಲಿಲ್ಲ. "ಟೀ ಕುಡೀತೀಯೇನೋ?" ಅಂದರು.

ನಿಮ್ಮ ಮನೆಯವರಿಗೂ ನೀವು ಹಸಿರು ಟಿಕ್ ತೋರಿಸಿ ಬಂದಿದ್ದೀರಾ? ಹಾಗಾದರೆ ಇವತ್ತೇ ಒಂದು ಫೋನು ಮಾಡಿ.