ಗೊಂಬೆಗಳಿಗೆ ರ‍್ಯಾಂಕು

ನಮ್ಮ ಸೀಮೆಯವರಿಗೆ ರೂಪ ಬದಲಿಸುವವರು ಹೊಸಬರೇನಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಅಂಜನಾದ್ರಿ, ಪಂಪಾ ಸರೋವರ ಅಂದರೆ ಅದೇ ಕಿಷ್ಕಿಂಧೆ ಎಂದು ನಂಬಿ ಬದುಕಿದವರು ನಾವು. ರಾಮಲಕ್ಷ್ಮಣರನ್ನು ಮೊದಲ ಸಲ ನೋಡಲು ಹನುಮಂತ ಕಪಿಯಾಗಿ ಬರಲಿಲ್ಲ, ಭಿಕ್ಷುವಿನ ವೇಷದಲ್ಲಿ ಬಂದ. ಬೇಕೆಂದಾಗ ಬೆಟ್ಟದಷ್ಟು ಬೆಳೆದ, ಲಂಕೆಗೆ ನುಗ್ಗುವಾಗ ಬೆಕ್ಕಿನಷ್ಟಾದ. ಇಂಥವನ ಊರಿನ ಮಕ್ಕಳಿಗೆ ಲಾರಿಯೊಂದು ನಾಲ್ಕು ತಿರುವಿಗೆ ಎದ್ದುನಿಂತು ಮನುಷ್ಯಾಕಾರವಾಗುತ್ತದೆ ಎಂದರೆ ಅಚ್ಚರಿ ಯಾಕಾಗಬೇಕು? ಆದರೂ ಆಗುತ್ತದೆ. ಈ ವಯಸ್ಸಿನಲ್ಲಿ ನನಗೇ ಆಗಿದೆ.

ಅದರ ಹೆಸರು ಟ್ರಾನ್ಸ್‌ಫಾರ್ಮರ್ಸ್. ನಮ್ಮಲ್ಲಿ ಟ್ರಾನ್ಸ್‌ಫಾರ್ಮರ್ ಎಂದರೆ ಹೊಲದ ಬದುವಿನಲ್ಲಿ ನಿಂತಿರುವ ಟಿ.ಸಿ. ಅದು ಸುಟ್ಟರೆ ಪಂಪ್‌ಸೆಟ್ಟು ನಿಂತು, ಇಡೀ ಊರು ಹೆಸ್ಕಾಂ, ಜೆಸ್ಕಾಂ ಎಂದು ಅಲೆಯಬೇಕು. ಮೊಮ್ಮಗ ಬೆಂಗಳೂರಿನಿಂದ ದಸರಾ ರಜೆಗೆ ಬಂದು, "ಅಜ್ಜಿ, ನನ್ನ ಹತ್ರ ಏಳು ಟ್ರಾನ್ಸ್‌ಫಾರ್ಮರ್ ಇವೆ" ಎಂದಾಗ ಅವನ ತಾತ, "ಹಂಗಾದ್ರ ಒಂದು ನಮ್ಮ ಓಣಿಗೆ ಕೊಡಪಾ" ಎಂದರು. ಹುಡುಗನಿಗೆ ನಗು ಬರಲಿಲ್ಲ. ಪಡಸಾಲೆಯಲ್ಲಿ ಏಳನ್ನೂ ಸಾಲಾಗಿ ನಿಲ್ಲಿಸಿ ಫಸ್ಟ್, ಸೆಕೆಂಡ್, ಥರ್ಡ್ ಎಂದು ಚೀಟಿ ಇಡತೊಡಗಿದ. ಆಯುಷ್ಯವೆಲ್ಲ ಮಕ್ಕಳಿಗೆ ನಂಬರು ಹಾಕಿದ ನನಗೆ ಅಷ್ಟು ಸಾಕು. ಕನ್ನಡಕ ಹಾಕಿಕೊಂಡು ನಾನೂ ಕೂತೆ.

ಈ ಗೊಂಬೆಗಳ ಹಿಂದಿನ ಕಥೆ ಸೊಗಸಾಗಿದೆ. ಹುಟ್ಟಿದ್ದು ಜಪಾನಿನಲ್ಲಿ. ತಕಾರಾ ಎಂಬ ಆಟಿಕೆ ಕಂಪನಿ 1980ರ ಹೊತ್ತಿಗೆ ಡಯಾಕ್ಲೋನ್ ಎಂಬ ಹೆಸರಿನಲ್ಲಿ ಗೊಂಬೆಗಳನ್ನು ತಂದಿತ್ತು. ಮುಂದೆ ಆ ಸಾಲಿನಲ್ಲಿ ವಾಹನವೇ ಯಂತ್ರಮಾನವನಾಗುವ ಗೊಂಬೆಗಳೂ ಬಂದವು. ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಅವನ್ನು ಕೊಂಡೊಯ್ದು, 1984ರಲ್ಲಿ ಹೊಸ ಹೆಸರಿಟ್ಟು ಮಾರಿತು. ಬರೀ ಗೊಂಬೆ ಮಾರಿದರೆ ಏನು ಬಂತು? ಒಂದೊಂದಕ್ಕೂ ನಾಮಕರಣವಾಗಬೇಕು, ಗುಣ ಸ್ವಭಾವ ಬೇಕು, ಜಗಳ ಬೇಕು. ಅದಕ್ಕೆ ಮಾರ್ವೆಲ್ ಕಾಮಿಕ್ಸಿನವರನ್ನು ಕೂರಿಸಿ ಎರಡು ಪಂಗಡ ಮಾಡಿಸಿದರು. ಆಟೋಬಾಟ್‌ಗಳು ಒಳ್ಳೆಯವರು, ಡಿಸೆಪ್ಟಿಕಾನ್‌ಗಳು ಕೆಟ್ಟವರು. ಪಾಂಡವ ಕೌರವರನ್ನು ಬಲ್ಲವರಿಗೆ ಇದು ಕಷ್ಟದ ಲೆಕ್ಕವಲ್ಲ.

ಮೊಮ್ಮಗನ ಪಟ್ಟಿಯಲ್ಲಿ ಮೊದಲನೆಯದು ಬಂಬಲ್‌ಬೀ. ಹಳದಿ ಕಾರು. ಬಾನೆಟ್ಟು ಎದೆಯಾಗುತ್ತದೆ, ಬಾಗಿಲುಗಳು ಬೆನ್ನಿಗೆ ರೆಕ್ಕೆಯಂತೆ ನಿಲ್ಲುತ್ತವೆ. "ಯಾಕೋ ಇದಕ್ಕ ಫಸ್ಟ್?" ಎಂದರೆ, "ಸಿನಿಮಾದಲ್ಲಿ ಅವನೇ ಫ್ರೆಂಡ್" ಎಂದ. 1984ರಲ್ಲಿ ಅದು ಜರ್ಮನಿಯ ಆಮೆಯಂಥ ಫೋಕ್ಸ್‌ವ್ಯಾಗನ್ ಕಾರಾಗಿತ್ತು. 2007ರ ಸಿನಿಮಾಕ್ಕೆ ಅಮೆರಿಕದ ಶೆವ್ರೊಲೆ ಕಮಾರೊ ಆಯಿತು. ದುಡ್ಡು ಬಂದ ಮೇಲೆ ಮನುಷ್ಯರು ದೊಡ್ಡ ಕಾರು ಕೊಳ್ಳುತ್ತಾರೆ, ಇಲ್ಲಿ ಕಾರೇ ದೊಡ್ಡ ಕಾರಾಯಿತು. ಹಳೆಯದೇ ಚೆಂದವಿತ್ತು ಎಂದು ನನಗೆ, ಚಿತ್ರ ನೋಡಿ. ಪುಟ್ಟ ಗುಂಡುಗುಂಡನೆಯ ಕಾರು ಎದ್ದು ನಿಂತರೆ ನಗು ಬರುತ್ತದೆ. ಆಟಿಕೆ ನಗು ತರಿಸಬೇಕು.

ಎರಡನೆಯದು ಆಪ್ಟಿಮಸ್ ಪ್ರೈಮ್, ಪಂಗಡದ ಯಜಮಾನ. ಕೆಂಪು ಲಾರಿ. ಮುಂದಿನ ಗಾಜುಗಳು ಎದೆಗೆ ಬರುತ್ತವೆ. ನನ್ನ ಪಟ್ಟಿಯಲ್ಲಿ ಇವನೇ ಮೊದಲು. ಕಾರಣ ಹೇಳುತ್ತೇನೆ: ಇವನು ಯಾವ ರೂಪದಲ್ಲಿದ್ದರೂ ಇವನೇ. ಲಾರಿಯಾಗಿ ನಿಲ್ಲಿಸಿದರೂ ಹೊರೆ ಹೊರುವವನಂತೆ ಕಾಣುತ್ತಾನೆ, ಮನುಷ್ಯಾಕಾರ ಮಾಡಿದರೂ ಹೊರುವವನೇ. ಸ್ಟಾರ್‌ಸ್ಕ್ರೀಮ್ ಎಂಬ ವಿಮಾನದ ಗೊಂಬೆಯನ್ನು ನೋಡಿ. ಆಕಾಶಕ್ಕೆ ಹಾರಿಸಬೇಕೆಂದರೆ ಹೊಟ್ಟೆಯ ಕೆಳಗೆ ಮಡಚಿದ ಕೈಗಳು ಇಣುಕುತ್ತವೆ. ಬಸ್ಸಿನ ಸೀಟಿನ ಕೆಳಗೆ ಟಿಕೇಟಿಲ್ಲದೆ ಅಡಗಿ ಕೂತವನ ಹಾಗೆ. ವೇಷ ಅಂದರೆ ಪೂರ್ತಿ ವೇಷವಿರಬೇಕು. ಇದಕ್ಕೆ ನಾನು ಕೊಟ್ಟದ್ದು ಐದನೆಯ ಸ್ಥಾನ. ಹುಡುಗ ಮೂರನೆಯದು ಕೊಟ್ಟಿದ್ದ. ಅರ್ಧ ಗಂಟೆ ವಾದವಾಯಿತು, ಯಾರೂ ಸೋಲಲಿಲ್ಲ.

ಮೆಗಾಟ್ರಾನ್ ನನಗೆ ಕಡೆಯವನು. ಕೆಟ್ಟವರ ನಾಯಕನೆಂದು ಅಲ್ಲ, ಕೆಟ್ಟವನಿಲ್ಲದೆ ಬಯಲಾಟ ನಡೆಯುವುದೂ ಇಲ್ಲ. 1984ರಲ್ಲಿ ಇವನು ಪಿಸ್ತೂಲಾಗುತ್ತಿದ್ದ. ಅಷ್ಟು ದೊಡ್ಡ ಆಳು ಕೈಯಲ್ಲಿ ಹಿಡಿಯುವ ಪಿಸ್ತೂಲಾಗಿ ಬಿದ್ದರೆ, ಗುಂಡು ಹಾರಿಸಲು ಇನ್ನೊಬ್ಬ ಬೇಕಲ್ಲ! ಅಷ್ಟಲ್ಲದೆ ನಿಜವಾದ ಪಿಸ್ತೂಲಿನಂತೆಯೇ ಕಾಣುವ ಆಟಿಕೆ ಅಪಾಯವೆಂದು ಜನಕ್ಕೂ ಅನ್ನಿಸಿ, 1990ರ ದಶಕದಲ್ಲಿ ಅವನು ಟ್ಯಾಂಕಾದ. ಮೊಮ್ಮಗನ ಬಳಿ ಇರುವುದೂ ಟ್ಯಾಂಕೇ. ಮಕ್ಕಳ ಕೈಗೆ ಟ್ಯಾಂಕು ಕೊಟ್ಟರೆ ಸರಿ, ಪಿಸ್ತೂಲು ತಪ್ಪು ಎಂಬ ಲೆಕ್ಕ ನನಗೆ ಇನ್ನೂ ಬಿಡಿಸಲಾಗಿಲ್ಲ.

ಇನ್ನೊಂದಿದೆ, ಅವನ ಹತ್ತಿರ ಇಲ್ಲದ್ದು. ಮೊಬೈಲಿನಲ್ಲಿ ಚಿತ್ರ ತೋರಿಸಿದ. ಸೌಂಡ್‌ವೇವ್. ಟೇಪ್‌ರೆಕಾರ್ಡರ್ ಆಗುವ ಗೊಂಬೆ. ಎದೆಯ ಬಾಗಿಲು ತೆರೆದರೆ ಕ್ಯಾಸೆಟ್ಟು, ಕ್ಯಾಸೆಟ್ಟು ಬಿಚ್ಚಿದರೆ ಹಕ್ಕಿ. "ಕ್ಯಾಸೆಟ್ ಅಂದರೇನು ಅಜ್ಜಿ?" ಎಂದ. ಬಯಲಾಟದ ಹಾಡು, ಗೀಗೀ ಪದ ಎಲ್ಲವನ್ನೂ ಅದರಲ್ಲೇ ಕೇಳಿದ ನನಗೆ, ಎದೆ ತೆರೆದರೆ ಹಕ್ಕಿ ಹಾರುತ್ತದೆ ಎಂಬುದು ಉತ್ಪ್ರೇಕ್ಷೆ ಅನ್ನಿಸಲಿಲ್ಲ. ಇಲ್ಲದ ಗೊಂಬೆಗೆ ರ‍್ಯಾಂಕು ಕೊಡಲು ಬರುವುದಿಲ್ಲವೆಂದು ಹುಡುಗ ಕಟ್ಟುನಿಟ್ಟು ಮಾಡಿದ. ನಿಯಮ ಅವನದು, ಒಪ್ಪಿದೆ.

ಆಪ್ಟಿಮಸ್ ಪ್ರೈಮ್‌ನ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. 1986ರಲ್ಲಿ ಈ ಗೊಂಬೆಗಳದೇ ಕಾರ್ಟೂನ್ ಸಿನಿಮಾ ಬಂತು. ಅದರಲ್ಲಿ ಅವನನ್ನು ಸಾಯಿಸಿಬಿಟ್ಟರು. ಕಥೆಗೆ ಬೇಕೆಂದಲ್ಲ. 1984ರ ಗೊಂಬೆಗಳ ಮಾರಾಟ ಮುಗಿಸಿ ಹೊಸ ಗೊಂಬೆಗಳನ್ನು ಅಂಗಡಿಗೆ ತರಬೇಕಿತ್ತು, ಹಳಬರು ಜಾಗ ಬಿಡಬೇಕಿತ್ತು. ಅಮೆರಿಕದ ಮಕ್ಕಳು ಚಿತ್ರಮಂದಿರದಲ್ಲೇ ಅತ್ತರು. ತಂದೆ ತಾಯಂದಿರ ಸಿಟ್ಟು ಕಂಪನಿಗೆ ಮುಟ್ಟಿತು. 1987ರಲ್ಲಿ ಟಿ.ವಿ. ಧಾರಾವಾಹಿಯಲ್ಲಿ ಅವನನ್ನು ಬದುಕಿಸಿ ತಂದರು. ದೊಡ್ಡವರು ಸರಕು ಎಂದುಕೊಂಡದ್ದನ್ನು ಮಕ್ಕಳು ಆಗಲೇ ಮನೆಯವನನ್ನಾಗಿ ಮಾಡಿಕೊಂಡಿದ್ದರು.

ಸತ್ತು ಮತ್ತೆ ಬರುವವನು ನಮ್ಮಲ್ಲೂ ಇದ್ದಾನಲ್ಲ, ಜೋಕುಮಾರ. ಭಾದ್ರಪದದಲ್ಲಿ ಹುಟ್ಟಿ, ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತು, ಹೆಣ್ಣುಮಕ್ಕಳ ತಲೆಯ ಮೇಲೆ ಮನೆಮನೆ ತಿರುಗಿ, ಬಾಯಿಗೆ ಬೆಣ್ಣೆ ಹಚ್ಚಿಸಿಕೊಂಡು, ಏಳು ದಿನಕ್ಕೆ ಹುಣ್ಣಿಮೆಯ ರಾತ್ರಿ ಸಾಯುತ್ತಾನೆ. ಮುಂದಿನ ವರ್ಷ ಮತ್ತೆ ಹೊಸ ಮಣ್ಣಿನಲ್ಲಿ ಬರುತ್ತಾನೆ. ಯಾರ ಮಾರಾಟವೂ ಇಲ್ಲ.

ಮಣ್ಣೆಂದರೆ ನೆನಪಾಯಿತು. ನಾನು ಕುಷ್ಟಗಿ ಕಡೆ ಕೆಲಸಕ್ಕಿದ್ದಾಗ ನೋಡಿದ ಮಕ್ಕಳ ಆಟಿಕೆಗೆ ಈ ಏಳರ ಎದುರು ಯಾವ ಸ್ಥಾನ ಕೊಡಬೇಕೆಂದು ಯೋಚಿಸುತ್ತ ಕೂತೆ. ಜ್ಯೇಷ್ಠದ ಅಮಾವಾಸ್ಯೆಗೆ ಎರೆಮಣ್ಣು ತಂದು ಎತ್ತು ಮಾಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಅದೇ ಮಣ್ಣು ಗುಳ್ಳವ್ವ. ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ್ಪ, ಆಮೇಲೆ ಜೋಕುಮಾರ. ಕಾರು ಎರಡು ರೂಪ ತಾಳಿದರೆ ನಮ್ಮ ಮಣ್ಣು ಮೂರು ತಿಂಗಳಲ್ಲಿ ಐದು ತಾಳುತ್ತದೆ. ತಿರುಪಿಲ್ಲ, ಕೀಲಿಲ್ಲ, ಹೀಗೆ ತಿರುಗಿಸು ಎಂದು ಬರೆದ ಕಾಗದವಿಲ್ಲ. ಮಗುವಿನ ಹೆಬ್ಬೆರಳು ಒತ್ತಿದಲ್ಲಿ ಕಣ್ಣು, ಹಿಂಡಿದಲ್ಲಿ ಇಣಿ. ಮರುದಿನ ಹುಡುಗರು ಒಂದು ಎತ್ತಿನ ಕಾಲು ಮುರಿದು, ಕುಂಟೆತ್ತು ಬಂದಿದೆಯೆಂದು ಹಾಡುತ್ತ ಮನೆಮನೆಗೆ ಹೋಗಿ ಜೋಳ ಬೇಡುತ್ತಿದ್ದರು. ಸಾಲಿನಲ್ಲಿ ಚೆಂದ ನಿಂತ ಎತ್ತುಗಳಿಗೆ ಪೂಜೆ ಆಗಿ ಹೋಯಿತು, ಕಾಳು ಬಂದದ್ದು ಕುಂಟನಿಗೆ. ಮೊಮ್ಮಗನ ಪಟ್ಟಿಯಲ್ಲಿ ಏಳನೆಯದು ಒಂದು ತೋಳು ಸರಿಯಾಗಿ ಕೂಡದ ಗೊಂಬೆ. ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಅವನ ತಾತ ಕೊಡಿಸಿದ ಅಗ್ಗದ್ದು. ಅದಕ್ಕೆ ಅವನು ಹೆಸರನ್ನೂ ಇಟ್ಟಿರಲಿಲ್ಲ.

ಹಾಗೆಂದು ನಮ್ಮದೆಲ್ಲ ಮೇಲು, ಪರದೇಶದ್ದೆಲ್ಲ ಕೀಳು ಎಂದು ನಾನು ಹೇಳುವವಳಲ್ಲ. ಕಿನ್ನಾಳದ ಗೊಂಬೆಯನ್ನೇ ತೆಗೆದುಕೊಳ್ಳಿ. ಕೊಪ್ಪಳದ ಮಗ್ಗುಲಿನ ಊರು. ಅಲ್ಲಿನ ಚಿತ್ರಗಾರರ ಹಿರಿಯರೇ ವಿಜಯನಗರದ ಕಾಲದಲ್ಲಿ ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರ ಬರೆದವರೆಂದು ಹೇಳಿಕೆ. ಹಗುರ ಮರವನ್ನು ಕೆತ್ತಿ ಜೋಡಿಸುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟಿನಲ್ಲಿ ಕಲಸಿದರೆ ಅದು ಕಿಟ್ಟ. ಮೈಗೆಲ್ಲ ಕಿಟ್ಟ ಬಳಿದು, ಅದರ ಮೇಲೆ ಅರಿವೆಯ ತುಂಡು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಒಡವೆಗಳನ್ನು ಉಬ್ಬಿಸಿ ಬರೆದರೆ ನಿಜವಾದ ಚಿನ್ನವೇ. ಗರುಡನೊಬ್ಬನಿಗೆ ಹನ್ನೆರಡು ಬಿಡಿಭಾಗ, ಪೀಠದ ಮೇಲಿನ ಗಣಪತಿಗೆ ಇಪ್ಪತ್ತೆರಡು. ಬಿಡಿಭಾಗದ ಲೆಕ್ಕದಲ್ಲಿ ಜಪಾನಿನವರಿಗೆ ನಾವೇನೂ ಕಡಿಮೆಯಿಲ್ಲ. ಆದರೆ ಒಮ್ಮೆ ಜೋಡಿಸಿದ ಮೇಲೆ ಗರುಡ ಅಲುಗಾಡುವುದಿಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಬಂತು, ಷೋಕೇಸಿಗೂ ಬಂತು. ನಮ್ಮ ಮನೆಯಲ್ಲಿರುವ ಗರುಡನನ್ನು ಮೊಮ್ಮಗ ಮುಟ್ಟಹೋದಾಗ "ಏ, ಮುಟ್ಟಬ್ಯಾಡ!" ಎಂದು ಎಲ್ಲರೂ ಒಟ್ಟಿಗೇ ಕೂಗಿದೆವು. ಮುಟ್ಟಬಾರದ ಗೊಂಬೆಗೆ ಕಲೆಯಲ್ಲಿ ಮೊದಲ ಸ್ಥಾನ ಕೊಡಬಹುದು, ಆಟದಲ್ಲಿ ಕೊಡಲಾಗದು. ಕಿನ್ನಾಳದವರು ಮಕ್ಕಳ ಕೈಗೆ ಸಿಗುವಂಥ ಚಿಕ್ಕ ಹಕ್ಕಿ, ಪ್ರಾಣಿಗಳನ್ನೂ ಮಾಡುತ್ತಾರೆ. ನಾವು ಕೊಳ್ಳುವುದು ಮಾತ್ರ ದೇವರನ್ನು, ಉಡುಗೊರೆ ಕೊಡುವುದಕ್ಕೆ.

2025ರಲ್ಲಿ ಪದ್ಮಶ್ರೀ ಪಡೆದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರ ತೊಗಲು ಗೊಂಬೆಗಳನ್ನೂ ಲೆಕ್ಕಕ್ಕೆ ಹಿಡಿಯೋಣವೆಂದೆ. ಅಲ್ಲಿ ಗೊಂಬೆ ತಾನಾಗಿ ರೂಪ ಬದಲಿಸುವುದಿಲ್ಲ, ಪರದೆಯ ಹಿಂದೆ ಕೈ ಬದಲಿಸುತ್ತದೆ. ಹುಡುಗ ಕೂಡಲೇ, "ಅದು ಚೀಟಿಂಗ್" ಎಂದ. ಚೀಟಿ ಎತ್ತಿಟ್ಟ.

ಈ ರ‍್ಯಾಂಕಿನ ಪಂಚಾಯಿತಿ ನಡೆದಿರುವಾಗಲೇ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಬ್ಬಕ್ಕೆ ಬನ್ನಿ ಕೊಡಲು ಬಂದಳು. ಭಾನಾಪುರದ ಹತ್ತಿರ, ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರಿಗೆ ಸೇರಿದ ಸೀಮೆಯಲ್ಲಿ, ಸುಮಾರು 400 ಎಕರೆಯಲ್ಲಿ ಆಟಿಕೆ ತಯಾರಿಕೆಯ ಕೇಂದ್ರಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದದ್ದು ನಿಮಗೆ ನೆನಪಿರಬಹುದು. ಅದೇ ತಿಂಗಳಿಂದ ದೇಶದಲ್ಲಿ ಆಟಿಕೆಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಹೊರದೇಶದ ಆಟಿಕೆಯ ಮೇಲಿನ ಸುಂಕ ಅದಕ್ಕೂ ಮೊದಲು, 2020ರಲ್ಲಿ, ನೂರಕ್ಕೆ ಇಪ್ಪತ್ತರಿಂದ ಅರವತ್ತಕ್ಕೆ ಏರಿತ್ತು. ಈ ಹುಡುಗಿ ಅಂಥ ಆಟಿಕೆ ಕೆಲಸಕ್ಕೇ ಹೋಗುವವಳು. ಪ್ಲಾಸ್ಟಿಕ್ ಭಾಗಗಳನ್ನು ಕೂಡಿಸುವುದು ಅವಳ ಕೆಲಸ.

"ಸಣ್ಣವ್ರಿದ್ದಾಗ ನಮಗ ಯಾರ್ರಿ ಇಂಥಾವು ಕೊಡಿಸ್ತಿದ್ರು ಅಕ್ಕಾರ? ಕೊಡಿಸಿದ್ರ ಅಣ್ಣಗ ಕೊಡಿಸ್ತಿದ್ರು. ಈಗ ನೋಡ್ರಿ, ದಿನಾ ನೂರಾರು ನಮ್ಮ ಕೈಯಾಗ ಆಡ್ತಾವು" ಎಂದು ನಕ್ಕಳು.

ಅವಳಿಗೂ ರ‍್ಯಾಂಕು ಹಾಕಲು ಹೇಳಿದೆ. ಅವಳು ಹೆಸರು ಕೇಳಲಿಲ್ಲ, ಸಿನಿಮಾ ಕೇಳಲಿಲ್ಲ. ಒಂದೊಂದನ್ನೇ ಎತ್ತಿ ತೂಗಿ, ಸಂದಿನಲ್ಲಿ ಉಗುರು ಆಡಿಸಿ, ಕೀಲು ತಿರುಗಿಸಿ ಕಿವಿಯ ಹತ್ತಿರ ಹಿಡಿದಳು. ಬಂಬಲ್‌ಬೀಗೆ ನಾಲ್ಕನೆಯದು ಕೊಟ್ಟಳು. "ಬಾಗಿಲದ ಕೀಲು ತೆಳ್ಳಗೈತ್ರಿ, ವರ್ಷ ತಡಿಯಂಗಿಲ್ಲ." ಹುಡುಗನ ಮುಖ ಸಣ್ಣದಾಯಿತು. ನನ್ನ ಆಪ್ಟಿಮಸ್‌ಗೆ ಎರಡು. ಟ್ಯಾಂಕಿಗೆ ಮೊದಲನೆಯದು! "ಇದನ್ನ ಮಾಡಿದಾಕಿ ಮನಸ್ಸಿಟ್ಟು ಮಾಡ್ಯಾಳ ನೋಡ್ರಿ, ಎಲ್ಲಿ ಹಿಡಿದ್ರೂ ಕರಕರ ಅನ್ನಂಗಿಲ್ಲ." ಗೊಂಬೆಯ ಹಿಂದೆ ಒಬ್ಬಾಕೆ ಇರುತ್ತಾಳೆಂದು ಅಷ್ಟು ಹೊತ್ತು ಅಜ್ಜಿ ಮೊಮ್ಮಗ ಇಬ್ಬರಿಗೂ ಹೊಳೆದಿರಲಿಲ್ಲ.

ಕಡೆಗೆ ಏಳನೆಯದನ್ನು ಎತ್ತಿಕೊಂಡಳು. "ಇದರ ತೋಳು ಮುರದಿಲ್ಲಪಾ. ನೀ ಮೊದಲ ತಲಿ ತಿರುವಾಕತ್ತಿ. ಮೊದಲ ತೋಳು ಎಳಕೋ, ಆಮ್ಯಾಲೆ ತಿರುವು, ತಲಿ ಕಡೀಕ" ಎಂದು ಹುಡುಗನ ಬೆರಳ ಮೇಲೆ ತನ್ನ ಬೆರಳಿಟ್ಟು ಒತ್ತಿಸಿದಳು. ಟಕ್ ಎಂದು ಕೂತಿತು. ಅವನು ಮತ್ತೆ ಬಿಚ್ಚಿದ, ಮತ್ತೆ ಕೂಡಿಸಿದ. ಎಷ್ಟು ಸಲವೋ.

ಚಹಾ ಕುಡಿದು ಏಳುವಾಗ ಅವಳು ಮೆಲ್ಲಗೆ, "ಇಂಥಾದು ಬೆಂಗಳೂರಾಗ ಎಷ್ಟಕ್ಕ ಸಿಗತೈತ್ರಿ ಅಕ್ಕಾರ? ನಮ್ಮ ಮಗಳು ಕೇಳಾಕತ್ಯಾಳ" ಎಂದಳು. ಬೆಲೆ ಹೇಳಿದೆ. ಸ್ವಲ್ಪ ಹೊತ್ತು ಏನೂ ಆಡಲಿಲ್ಲ. ಆಮೇಲೆ, "ಬರೂ ಯುಗಾದಿಗೆ ನೋಡೂಣ್ರಿ" ಎಂದು ಚಪ್ಪಲಿ ಮೆಟ್ಟಿಕೊಂಡಳು. ನಾಳೆ ಬೆಳಗಿನ ಪಾಳಿ, ಕಂಪನಿ ಬಸ್ಸು ಐದೂವರೆಗೇ ಬರುತ್ತದಂತೆ.