ಸುಂಕದವನ ಮುಂದೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಬಹುಕಾಲದ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದಾರೆ. ಕಟ್ಟೆಯ ಮೇಲೆ ಕುಳಿತವನಿಗೆ ಹೇರಿನ ಲೆಕ್ಕ ಬೇಕೇ ಹೊರತು ಎತ್ತಿನ ಕಾಲು ಕುಂಟಿದ ಕಥೆ ಬೇಕಾಗಿಲ್ಲ. ಈ ಗಾದೆಯನ್ನು ನಾನು ಮೂವತ್ತು ವರ್ಷಗಳ ಕಾಲ ಶಾಲೆಯ ಹುಡುಗರಿಂದ ವಿಸ್ತರಿಸಿ ಬರೆಯಿಸಿದ್ದೇನೆ. ಅವರು ಬರೆದದ್ದಕ್ಕೆ ಅಂಕಗಳನ್ನೂ ಕೊಟ್ಟಿದ್ದೇನೆ. ಆದರೆ ಅದರ ಅರ್ಥ ನನಗೇ ಮನದಟ್ಟಾದದ್ದು ನಿವೃತ್ತನಾದ ಮೇಲೆ, 2023ರ ದೀಪಾವಳಿಯಲ್ಲಿ, ಅಕ್ಕನ ಮನೆಯ ಜಗಲಿಯ ಮೇಲೆ.

ನನ್ನ ಅಕ್ಕ ಕಥೆ ಹೇಳುವುದರಲ್ಲಿ ಗಟ್ಟಿಗಿತ್ತಿ. ಅಜ್ಜಿಯಿಂದ ಅವಳಿಗೆ ಬಂದ ಆಸ್ತಿಯೆಂದರೆ ಅದೊಂದೇ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಉದ್ಯೋಗದಲ್ಲಿರುವ ಅವಳ ಮಗ ಎರಡು ವರ್ಷ ರಜೆಗೆ ಬಂದಾಗಲೆಲ್ಲ ತಾಯಿಯನ್ನು ಕೂಡಿಸಿಕೊಂಡು ಆ ಕಥೆಗಳನ್ನು ಧ್ವನಿಮುದ್ರಿಸಿದನು; ಗೆಳೆಯನೊಬ್ಬನಿಂದ ಚಿತ್ರ ಬರೆಯಿಸಿದನು; ದೂರದೇಶಗಳಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳು ಮಲಗುವ ಹೊತ್ತಿಗೆ ಕೇಳಲೆಂದು ಅವನ್ನೆಲ್ಲ ಸೇರಿಸಿ ಒಂದು ಆ್ಯಪ್ ಮಾಡಿದನು. ಕೆಲವು ಕಥೆಗಳಿಗೆ ಬೆಲೆಯಿಲ್ಲ. ಎಲ್ಲವನ್ನೂ ಕೇಳಬೇಕಾದರೆ ವರ್ಷಕ್ಕೆ 100 ರೂಪಾಯಿ. ಹಬ್ಬದ ದಿನ ನಾನು ನನ್ನ ಫೋನಿನಲ್ಲಿ ಅದನ್ನು ಕೊಂಡು, ಸೋದರಮಾವನಿಗೆ ತಕ್ಕ ಗಾಂಭೀರ್ಯದಿಂದ, “ತೆಗೆದುಕೊಳ್ಳಪ್ಪ, ನಿನಗೆ ಈ ಮಾವನ ನೂರು ರೂಪಾಯಿ” ಎಂದೆ.

ಹುಡುಗ ನಕ್ಕನು. “ನೂರಲ್ಲ ಮಾವ, ಎಂಬತ್ತೈದು. ಹದಿನೈದು ಅಂಗಡಿಗೆ ಹೋಗುತ್ತದೆ. ಸರ್ಕಾರದ ತೆರಿಗೆಯ ಲೆಕ್ಕ ಬೇರೆ.”

“ನಿಮ್ಮ ಅಮ್ಮನಿಗೆ ಎಷ್ಟು?”

“ಹತ್ತು ಎಂದು ಗೊತ್ತುಮಾಡಿದ್ದೇನೆ.”

ಒಳಗೆ ಚಕ್ಕುಲಿ ಕರಿಯುತ್ತಿದ್ದ ಅಕ್ಕನಿಗೆ ಈ ಮಾತು ಕೇಳಿಸಿತು. “ಕಥೆ ಹೇಳಿದವಳಿಗೆ ಹತ್ತು, ಬಾಗಿಲು ಕಾಯುವವನಿಗೆ ಹದಿನೈದೋ?” ಎಂದಳು. ಅವಳು ತಮಾಷೆಗೆ ಹೇಳಿದ್ದು. ನನಗೆ ಮಾತ್ರ ತಮಾಷೆಯಾಗಿ ತೋರಲಿಲ್ಲ.

ಈ ಅಂಗಡಿಗಳ ಇತಿಹಾಸ ದೀರ್ಘವಾದದ್ದೇನೂ ಅಲ್ಲ. ಆಪಲ್ ಕಂಪನಿಯವರು 2008ರ ಜುಲೈ 10ರಂದು ತಮ್ಮ ಐಫೋನಿಗಾಗಿ ಆ್ಯಪ್ ಸ್ಟೋರನ್ನು ತೆರೆದಾಗ ಅದರಲ್ಲಿದ್ದ ಸರಕು ಸುಮಾರು 500. ಮಾರಿ ಬಂದ ಹಣದಲ್ಲಿ 100ಕ್ಕೆ 70 ಮಾಡಿದವನಿಗೆ, 30 ಅಂಗಡಿಗೆ ಎಂದು ಸ್ಟೀವ್ ಜಾಬ್ಸ್ ಅದೇ ವರ್ಷದ ಮಾರ್ಚ್ ತಿಂಗಳಲ್ಲಿಯೇ ಸಾರಿದ್ದರು. ಗೂಗಲ್ ಕಂಪನಿಯ ಅಂಗಡಿಯೂ ಅದೇ ದರವನ್ನು ಹಿಡಿಯಿತು. 2021ರಲ್ಲಿ ಎರಡು ಅಂಗಡಿಗಳವರೂ ಸಣ್ಣವರ ಮೇಲೆ ಕೃಪೆಮಾಡಿ, ವರ್ಷಕ್ಕೆ 10 ಲಕ್ಷ ಡಾಲರುಗಳೊಳಗಿನ ವರಮಾನಕ್ಕೆ 30ನ್ನು 15ಕ್ಕೆ ಇಳಿಸಿದರು. ನನ್ನ ಸೋದರಳಿಯನು ತೆತ್ತದ್ದು ಈ ಇಳಿದ ದರ.

ನ್ಯಾಯವಾಗಿ ಹೇಳಬೇಕಾದರೆ, ಅಂಗಡಿಯವರ ಪಕ್ಷದಲ್ಲಿಯೂ ಮಾತಿದೆ. ಅವರು ಸರಕನ್ನು ಪರೀಕ್ಷಿಸುತ್ತಾರೆ. ಮೋಸದವುಗಳನ್ನು ತಡೆಯಲು ಯತ್ನಿಸುತ್ತಾರೆ. ಅಕ್ಕನ ಕಥೆಯನ್ನು ಒಂದೇ ದಿನದಲ್ಲಿ ಲಂಡನಿಗೂ ಸಿಂಗಪುರಕ್ಕೂ ಮುಟ್ಟಿಸುತ್ತಾರೆ. ಆಯಾ ದೇಶದ ನಾಣ್ಯದಲ್ಲಿ ಹಣ ವಸೂಲುಮಾಡಿ ಕಳಿಸುತ್ತಾರೆ. ಬೆಲೆಯಿಲ್ಲದೆ ಹಂಚುವವರಿಂದ ಅವರು ದಲಾಲಿ ಕೇಳುವುದಿಲ್ಲ. ಇಷ್ಟು ಸೇವೆಗೆ ಏನೂ ಕೊಡಬೇಕಾಗಿಲ್ಲವೆನ್ನುವವನು ವ್ಯಾಪಾರವನ್ನು ಬಲ್ಲವನಲ್ಲ.

ಆದರೂ ದರ ಹುಟ್ಟಿದ ಬಗೆಯನ್ನು ನೋಡಿದರೆ ವಿಚಿತ್ರವೆನಿಸುತ್ತದೆ. ಇದೇ ಫೋನಿನಿಂದ ನಾನು ಬೆಂಡೇಕಾಯಿ ತರಿಸಿದರೆ ಅಂಗಡಿಗೆ ಪಾಲಿಲ್ಲ. ಕೈಗೆ ಸಿಕ್ಕುವ ವಸ್ತುವಿಗೆ, ಬಾಡಿಗೆ ಗಾಡಿಗೆ, ಊಟಕ್ಕೆ ಈ ದಲಾಲಿ ಅನ್ವಯಿಸುವುದಿಲ್ಲ. ಫೋನಿನೊಳಗೇ ಅನುಭವಿಸುವ ಆಟಕ್ಕೆ, ಪಾಠಕ್ಕೆ, ಕಥೆಗೆ ಅನ್ವಯಿಸುತ್ತದೆ. ಹಿಂದಿನ ಕಾಲದ ಸುಂಕದ ಕಟ್ಟೆಯಲ್ಲಿ ಕಾಯಿಪಲ್ಯದ ಹೇರನ್ನು ನಿಲ್ಲಿಸಿ, ಕಥೆ ಹೇಳುವ ದಾಸಯ್ಯನನ್ನು ಸುಮ್ಮನೆ ಬಿಡುತ್ತಿದ್ದರು. ಈಗ ದಾಸಯ್ಯನನ್ನು ನಿಲ್ಲಿಸಿ ಕಾಯಿಪಲ್ಯವನ್ನು ಬಿಡುತ್ತಾರೆ. ಇನ್ನು ಹಣ ಸಾಗಿಸುವ ಖರ್ಚು ಎನ್ನೋಣವೆಂದರೆ, ನಮ್ಮ ದೇಶದಲ್ಲಿ 2020ರ ಜನವರಿಯಿಂದ ಯುಪಿಐ ಮೂಲಕ ಹಣ ಪಡೆಯುವ ವರ್ತಕನಿಂದ ಶುಲ್ಕ ಹಿಡಿಯಬಾರದೆಂದು ಸರ್ಕಾರವೇ ನಿಯಮಿಸಿತು. ಸಂತೆಯಲ್ಲಿ ಸೊಪ್ಪು ಮಾರುವವಳಿಗೆ ಹತ್ತು ರೂಪಾಯಿಗೆ ಹತ್ತೂ ಮುಟ್ಟುತ್ತದೆ.

ಹೀಗೆ ಕೋಪಗೊಂಡು ಕುಳಿತಿರುವಾಗ ನನ್ನ ಅಂತಸ್ಸಾಕ್ಷಿ ಒಂದು ಪ್ರಶ್ನೆ ಹಾಕಿತು. ನಾನೂ ಎರಡು ಪುಸ್ತಕಗಳನ್ನು ಬರೆದವನು. ನನಗೆ ಸಂದ ಗೌರವಧನ 100ಕ್ಕೆ 10. ಪುಸ್ತಕ ಮಾರಿದ ಅಂಗಡಿಯವನಿಗೆ ಪ್ರಕಾಶಕರು ಬಿಟ್ಟ ವಟ್ಟ ಅದರ ಎರಡರಷ್ಟಕ್ಕಿಂತ ಹೆಚ್ಚು. ಅದನ್ನು ನಾನು ಎಂದೂ ಅನ್ಯಾಯವೆಂದು ಕರೆಯಲಿಲ್ಲ. ಹಾಗಾದರೆ ಅಳಿಯನ ಹದಿನೈದಕ್ಕೆ ಏಕೆ ಈ ಸಿಟ್ಟು? ಮಾವನ ಪಕ್ಷಪಾತವಷ್ಟೆಯೇ?

ಉತ್ತರ ಹುಡುಕುತ್ತ ನನ್ನ ಮನಸ್ಸು ನಮ್ಮ ತಂದೆಯ ಅಡಿಕೆಯ ಮೂಟೆಗಳ ಕಡೆಗೆ ಹೋಯಿತು. ನಮ್ಮದು ಶಿರಸಿಯ ಹತ್ತಿರದ ಹಳ್ಳಿ. ಒಂದೂವರೆ ಎಕರೆ ತೋಟ. ತಂದೆಯವರು ಪೇಟೆಯ ಒಂದು ವಖಾರಿಯಲ್ಲಿ ಮುಂಗಡ ಪಡೆದಿದ್ದರು. ಮುಂಗಡ ಕೊಟ್ಟವನ ವಖಾರಿಗೇ ಫಸಲು ಹಾಕಬೇಕೆಂಬುದು ಕರಾರು. ಮಾರಾಟವಾದ ಮೇಲೆ ಪಟ್ಟಿ ಬರುತ್ತಿತ್ತು: ದಲಾಲಿ ಇಷ್ಟು, ಹಮಾಲಿ ಇಷ್ಟು, ತೂಕದ ಕೂಲಿ ಇಷ್ಟು, ಧರ್ಮಾದಾಯ ಇಷ್ಟು. ಯಾವ ಧರ್ಮಕ್ಕೆ ಆ ಆದಾಯವೋ ನಾವು ಕೇಳುವಂತಿರಲಿಲ್ಲ. ತಂದೆಯವರು ಪಟ್ಟಿಯನ್ನು ಎರಡು ಸಲ ಓದಿ, ಮಡಿಸಿ, ತೊಲೆಯ ಸಂದಿಯಲ್ಲಿ ಇಡುತ್ತಿದ್ದರು. ಆ ದಿನ ರಾತ್ರಿ ಅವರು ಹೆಚ್ಚು ಮಾತಾಡುತ್ತಿರಲಿಲ್ಲ.

ಅದೇ ಪೇಟೆಯಲ್ಲಿ ಬೆಳೆಗಾರರೇ ಕೂಡಿ 1923ರಲ್ಲಿ ಕಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿ ಇತ್ತು. ಸಾಲದ ಹಗ್ಗ ಕೊರಳಲ್ಲಿದ್ದ ತನಕ ತಂದೆಯವರು ಅದರ ಮುಂದೆ ಹಾದುಹೋಗುತ್ತಿದ್ದರೇ ಹೊರತು ಒಳಗೆ ಹೋಗುವಂತಿರಲಿಲ್ಲ. ನನಗೆ ಹತ್ತು ವರ್ಷವಾಗಿದ್ದಾಗ ಹೇಗೋ ಮುಂಗಡ ತೀರಿತು. ಆ ವರ್ಷ ನಮ್ಮ ಗಾಡಿ ಸೊಸೈಟಿಯ ಬಾಗಿಲಲ್ಲಿ ನಿಂತಿತು. ಅಲ್ಲಿಯೂ ದಲಾಲಿ ಮುರಿದುಕೊಂಡರು. ಅಲ್ಲಿಯೂ ಪಟ್ಟಿ ಬಂತು. ಆದರೆ ತಂದೆಯವರು ಅದನ್ನು ನನ್ನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದರು. ಹದಿನೈದು ದಿನ ಕಳೆಯುವುದರೊಳಗೆ ಹಳೆಯ ವಖಾರಿಯ ಗುಮಾಸ್ತೆ ನಮ್ಮ ಮನೆಗೆ ಬಂದು, ಮುಂದಿನ ಸಲ ದಲಾಲಿ ಕಡಿಮೆ ಮಾಡುವುದಾಗಿ ತಿಳಿಸಿದನು. ಅನೇಕ ವರ್ಷ ಬೇಡಿಕೊಂಡಾಗ ಇಳಿಯದ ದರ ಗಾಡಿಯ ಮುಖ ತಿರುಗಿದ ಕೂಡಲೆ ಇಳಿಯಿತು.

ಅಂದಮೇಲೆ ನೋವು ಅಂಕಿಯಲ್ಲಿರಲಿಲ್ಲ. ಪುಸ್ತಕದಂಗಡಿಯವನಿಗೆ ಹೆಚ್ಚು ಕೊಟ್ಟರೂ ನನಗೆ ಕಹಿಯೆನಿಸದಿರುವುದಕ್ಕೆ ಕಾರಣವಿಷ್ಟೆ: ಬೇಡವೆನಿಸಿದರೆ ನಾನು ಪುಸ್ತಕಗಳನ್ನು ಕೈಚೀಲದಲ್ಲಿ ತುಂಬಿಕೊಂಡು ಸಾಹಿತ್ಯ ಸಮ್ಮೇಳನದ ಚಪ್ಪರದ ಹೊರಗೆ ನಿಂತು ಮಾರಬಲ್ಲೆ. ಮಾರಿದ್ದೂ ಉಂಟು. ಪುಸ್ತಕದ ಕಡೆಯ ಪುಟದಲ್ಲಿ ನನ್ನ ಮನೆಯ ವಿಳಾಸವನ್ನು ಅಚ್ಚುಹಾಕಿಸಿದರೆ ಯಾವ ಅಂಗಡಿಯವನೂ ಆ ಪುಟವನ್ನು ಹರಿದುಹಾಕುವುದಿಲ್ಲ.

ಆ್ಯಪ್ ಅಂಗಡಿಗಳು ಹರಿದುಹಾಕಿದ್ದು ಆ ಪುಟವನ್ನೇ. “ನಮ್ಮಲ್ಲಿ ನೇರವಾಗಿ ಕೊಂಡರೆ ಬೆಲೆ ಕಡಿಮೆ” ಎಂಬ ಒಂದು ವಾಕ್ಯವನ್ನು ಆ್ಯಪ್‌ನೊಳಗೆ ಬರೆಯುವುದು ನಿಷಿದ್ಧವಾಗಿತ್ತು. 2020ರ ಆಗಸ್ಟ್ 13ರಂದು ಅಮೆರಿಕದ ಎಪಿಕ್ ಗೇಮ್ಸ್ ಕಂಪನಿಯು ತನ್ನ ‘ಫೋರ್ಟ್‌ನೈಟ್’ ಆಟದಲ್ಲಿ ನೇರವಾಗಿ ಹಣ ಕೊಟ್ಟವರಿಗೆ 100ಕ್ಕೆ 20 ಇಳಿಸಿತು. ಅದೇ ದಿನ ಆಟವನ್ನು ಎರಡು ಅಂಗಡಿಗಳಿಂದಲೂ ತೆಗೆದುಹಾಕಿದರು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಸಣ್ಣವರಿಗೆ ದರವನ್ನು ಅರ್ಧಕ್ಕೆ ಇಳಿಸುವೆವೆಂದು ಆಪಲ್ ಸಾರಿದ್ದು ಅದಾದ ಮೂರು ತಿಂಗಳಿಗೆ, ಆ ವರ್ಷದ ನವೆಂಬರಿನಲ್ಲಿ. ಅದನ್ನು ಓದಿದಾಗ ನನಗೆ ವಖಾರಿಯ ಗುಮಾಸ್ತೆ ನೆನಪಾದುದರಲ್ಲಿ ಆಶ್ಚರ್ಯವಿಲ್ಲ.

ಕ್ಯಾಲಿಫೋರ್ನಿಯದ ನ್ಯಾಯಾಧೀಶೆ ಇವಾನ್ ಗೊನ್ಜಾಲೆಜ್ ರೋಜರ್ಸ್ ಅವರು 2021ರ ಸೆಪ್ಟೆಂಬರ್ 10ರಂದು ಕೊಟ್ಟ ತೀರ್ಪು ನನ್ನ ಮಟ್ಟಿಗೆ ವಿಚಾರಾರ್ಹವಾದದ್ದು. ಆಪಲ್ ಏಕಸ್ವಾಮ್ಯ ಸ್ಥಾಪಿಸಿದೆಯೆಂಬುದು ಸಿದ್ಧವಾಗಿಲ್ಲವೆಂದು ಹೇಳಿ ಬಹುಭಾಗ ಆ ಕಂಪನಿಯ ಪರವಾಗಿಯೇ ತೀರ್ಮಾನಿಸಿದರು. ಆದರೆ ಬೇರೆ ದಾರಿಯಿದೆಯೆಂದು ಗಿರಾಕಿಗೆ ತಿಳಿಸದಂತೆ ಬಾಯಿಕಟ್ಟುವ ನಿಯಮ ಮಾತ್ರ ಆ ರಾಜ್ಯದ ಕಾನೂನಿಗೆ ವಿರುದ್ಧವೆಂದರು. 2024ರ ಜನವರಿಯಲ್ಲಿ ಆಪಲ್ ಆ ದಾರಿಯನ್ನು ಬಿಟ್ಟುಕೊಟ್ಟಿತು, ಆದರೆ ಹೊರಗಿನ ಆ ದಾರಿಗೂ 100ಕ್ಕೆ 27ರಷ್ಟು ದಲಾಲಿ ಹಾಕಿತು! 2025ರ ಏಪ್ರಿಲ್ 30ರಂದು ಅದೇ ನ್ಯಾಯಾಧೀಶೆ ಇದು ನ್ಯಾಯಾಲಯದ ಆಜ್ಞೆಯ ಉಲ್ಲಂಘನೆಯೆಂದು ನಿರ್ಣಯಿಸಿದರು.

ನಮ್ಮ ದೇಶದಲ್ಲಿಯೂ ಈ ಕಥೆಯ ಒಂದು ಅಧ್ಯಾಯ ನಡೆಯಿತು. ಹಣಸಂದಾಯಕ್ಕೆ ತನ್ನ ವ್ಯವಸ್ಥೆಯನ್ನೇ ಬಳಸಬೇಕೆಂದು ಕಡ್ಡಾಯ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 25ರಂದು ಗೂಗಲ್ ಕಂಪನಿಗೆ 936.44 ಕೋಟಿ ರೂಪಾಯಿ ದಂಡ ವಿಧಿಸಿತು. 2025ರ ಮಾರ್ಚ್ ತಿಂಗಳಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು 216.69 ಕೋಟಿಗೆ ಇಳಿಸಿತು. ಆಯೋಗದ ಆಜ್ಞೆಯ ಬಳಿಕ ಬೇರೆ ವ್ಯವಸ್ಥೆ ಬಳಸಲು ಅವಕಾಶವಾಯಿತು. ಬಳಸಿದರೆ ದಲಾಲಿಯಲ್ಲಿ ಕಡಿಮೆಯಾಗುತ್ತಿದ್ದುದು 100ಕ್ಕೆ 4 ಮಾತ್ರ. ಎಂದರೆ, ಹೊಳೆಯನ್ನು ಈಜಿಕೊಂಡು ಹೋಗುವವನು ದೋಣಿಯವನಿಗೆ ಹದಿನೈದರ ಬದಲು ಹನ್ನೊಂದು ಕೊಟ್ಟರೆ ಸಾಕು. 2024ರ ಮಾರ್ಚ್ 1ರಂದು ಈ ಶುಲ್ಕದ ವ್ಯಾಜ್ಯದಿಂದಲೇ ಭಾರತದ ಹತ್ತು ಕಂಪನಿಗಳ ಆ್ಯಪ್‌ಗಳನ್ನು ತೆಗೆಯಲು ಗೂಗಲ್ ಮುಂದಾಯಿತು. ವಧೂವರರನ್ನು ಹುಡುಕಿಕೊಡುವ ಹೆಸರಾಂತ ಆ್ಯಪ್‌ಗಳೂ ಮಾಯವಾದವು. ಕೇಂದ್ರದ ಮಂತ್ರಿಗಳು ಮಧ್ಯೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿ ಬಂದವು. ಸುಖದುಃಖವನ್ನು ಮಂತ್ರಿಗಳ ಮುಂದೆ ಹೇಳಿಕೊಳ್ಳಬಲ್ಲವರು ಅವರು. ನನ್ನ ಅಕ್ಕ ಯಾರ ಮುಂದೆ ಹೇಳಿಕೊಳ್ಳಬೇಕು?

ಅಳಿಯನು ಆಮೇಲೆ ತನ್ನದೇ ಒಂದು ಜಾಲತಾಣವನ್ನು ಮಾಡಿಕೊಂಡನು. ಅಲ್ಲಿ ಹಣ ಕೊಟ್ಟರೂ ಕಥೆ ಕೇಳಬಹುದು. ಆದರೆ ಈ ಮಾತನ್ನು ಆ್ಯಪ್‌ನಲ್ಲಿ ಹಾಕುವಂತಿಲ್ಲವೆಂದು ನನಗೆ ಪತ್ರ ಬರೆದನು. ಎರಡನೆಯ ವರ್ಷದ ನೂರು ರೂಪಾಯಿಯನ್ನು ಅಲ್ಲಿಯೇ ಕೊಡಬೇಕೆಂದು ನಾನು ನಿಶ್ಚಯಿಸಿದೆ. ಇಲ್ಲಿ ನನ್ನ ಅಲ್ಪತನವನ್ನು ಒಪ್ಪಿಕೊಳ್ಳಬೇಕು. ಹಣ ಕಳಿಸುವ ಹೊತ್ತಿಗೆ ಬೆರಳು ನಿಂತಿತು. ದಿನವೂ ಪತ್ರಿಕೆಯಲ್ಲಿ ಓದುವ ಮೋಸಗಳೆಲ್ಲ ನೆನಪಾದವು. ಸ್ವಂತ ಅಕ್ಕನ ಮಗನ ಬಾಗಿಲೆಂದು ಗೊತ್ತಿದ್ದೂ ಎರಡು ದಿನ ತಡಮಾಡಿದೆ. ಮೂರು ಸಲ ಫೋನು ಮಾಡಿ ವಿಚಾರಿಸಿದೆ. ದೊಡ್ಡ ಅಂಗಡಿಯ ಮುಂದೆ ಈ ಭಯವಿರಲಿಲ್ಲ. ಅವರು ಮುರಿದುಕೊಳ್ಳುವ ಹದಿನೈದರಲ್ಲಿ ನನ್ನ ಈ ನಿಶ್ಚಿಂತೆಯ ಬೆಲೆಯೂ ಸೇರಿದೆಯೆಂಬುದು ಆಗ ತಿಳಿಯಿತು. ಆದರೆ ನಿಶ್ಚಿಂತೆಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಕೊಳ್ಳುವವನೂ ಮಾರುವವನೂ ಎರಡು ಬಾಗಿಲುಗಳನ್ನು ಕಂಡು ಗೊತ್ತುಮಾಡಬೇಕು. ಒಂದೇ ಬಾಗಿಲಿದ್ದಲ್ಲಿ ಹೇಳಿದ್ದೇ ಬೆಲೆ.

ಕೊನೆಗೆ ಹಣ ಕಳಿಸಿದೆ. ಸಂಘದ ವಾರ್ಷಿಕ ಸಭೆಯಲ್ಲಿ ಹತ್ತಾರು ಮಿತ್ರರಿಗೆ ಆ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಕೈಬರಹಕ್ಕೆ ಇನ್ನೂ ಯಾರ ನಿಷೇಧವೂ ಇಲ್ಲ. ಆ ಬಾಗಿಲಿನಿಂದ ಬಂದವರು ಸ್ವಲ್ಪ ಜನವೇ. ಈಗಲೂ ಹೆಚ್ಚಿನವರು ಅಂಗಡಿಯಿಂದಲೇ ಬರುತ್ತಾರಂತೆ.

“ಹಾಗಾದರೆ ನಷ್ಟ ಮೊದಲಿನಷ್ಟೇ ಆಯಿತಲ್ಲವೇ?” ಎಂದು ಕೇಳಿದೆ.

“ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಮಾವ. ಆದರೆ ಈಗ ಪಟ್ಟಿ ಬಂದಾಗ ಅಮ್ಮನಿಗೆ ಓದಿಹೇಳುತ್ತೇನೆ” ಎಂದನು.

ತೊಲೆಯ ಸಂದಿಯ ಹಳೆಯ ಪಟ್ಟಿಗಳ ಸಂಗತಿಯನ್ನು ನಾನು ಅವನಿಗೆ ಎಂದೂ ಹೇಳಿರಲಿಲ್ಲ.